ಡ್ರೈಯರ್‌ನಲ್ಲಿ ‘ಕಾಣೆಯಾದ’ 50 ಕೆಜಿ ಮೆಕ್ಕೆಜೋಳ

ಈ ಸಂಚಿಕೆಯಲ್ಲಿ ನಾನೇ ತಪ್ಪು ಮಾಡಿದ ಒಂದು ಲೆಕ್ಕದ ಬಗ್ಗೆ ಮಾತಾಡ್ತೀನಿ. ಬಿ.ಕಾಂ. ಓದಿದವನು, ಶೇಕಡಾ ಲೆಕ್ಕದಲ್ಲೇ ಎಡವಿದೆ. ಅದೂ ಹತ್ತು ಜನರ ಎದುರಿಗೆ.

ನಮ್ಮದು ದಾವಣಗೆರೆ ಕಡೆ. ಕಟಾವಿನ ಹೊತ್ತಿಗೆ ಮಳೆ ಹಿಡಿದುಕೊಂಡಿತ್ತು, ಕಾಳು ಒಣಗಿಸೋಕೆ ಬಿಸಿಲೇ ಇಲ್ಲ. ಅಪ್ಪ 30 ಕ್ವಿಂಟಾಲ್ ಮೆಕ್ಕೆಜೋಳವನ್ನು ಬಾಡಿಗೆ ಡ್ರೈಯರ್‌ಗೆ ಹಾಕಿಸಿದರು. ಮೀಟರ್‌ನಲ್ಲಿ ತೇವಾಂಶ 24% ತೋರಿಸಿತು. ಬೆಂಬಲ ಬೆಲೆಗೆ ಕೊಡಬೇಕಾದರೆ 14% ದಾಟಬಾರದು. ಅಷ್ಟಕ್ಕೆ ಒಣಗಿಸಿ ಅವರು ವಾಪಸ್ ಕೊಟ್ಟಿದ್ದು 26 ಕ್ವಿಂಟಾಲ್ 50 ಕೆಜಿ.

ನಾನು ಮೊಬೈಲ್ ತೆಗೆದೆ. 24ರಲ್ಲಿ 14 ಕಳೆದರೆ 10. ಮೂವತ್ತರಲ್ಲಿ ಹತ್ತು ಪರ್ಸೆಂಟ್ ಅಂದ್ರೆ 3 ಕ್ವಿಂಟಾಲ್. ಬರಬೇಕಾದ್ದು 27. “ಅಣ್ಣ, ಇನ್ನು 50 ಕೆಜಿ ಎಲ್ಲಿ?” ಅಂದೆ. ಡ್ರೈಯರ್‌ನವರು, “ನೀರು ಹೋಗುತ್ತಲ್ಲ ತಮ್ಮಾ” ಅಂದರು. “ನೀರಿನ ಲೆಕ್ಕ ನನಗೂ ಬರುತ್ತೆ” ಅಂದುಬಿಟ್ಟೆ. ಅಲ್ಲಿದ್ದ ಬೇರೆ ರೈತರೂ ತಮ್ಮ ತಮ್ಮ ಚೀಟಿ ಹೊರಗೆ ತೆಗೆದರು. ಅಪ್ಪ ಏನೂ ಮಾತಾಡಲಿಲ್ಲ.

ರಾತ್ರಿ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ. ಅಕ್ಕ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಕಥೆಯೆಲ್ಲ ಕೇಳಿ, “ಡ್ರೈಯರ್‌ನಲ್ಲಿ ಬದಲಾಗದೇ ಇರೋದು ಯಾವುದು ಹೇಳು?” ಅಂದಳು. ಮೊದಲ ಸೆಮಿಸ್ಟರ್‌ಗಳಲ್ಲಿ ‘ಮೆಟೀರಿಯಲ್ ಬ್ಯಾಲೆನ್ಸ್’ ಕಲಿಸುವಾಗ ಕೇಳೋ ಪ್ರಶ್ನೆಯಂತೆ ಇದು. ನೀರು ಹೋಗುತ್ತೆ, ಒಟ್ಟು ತೂಕ ಇಳಿಯುತ್ತೆ. ನೀರು ಬಿಟ್ಟು ಉಳಿದ ಒಣ ಪದಾರ್ಥ ಮಾತ್ರ ಒಳಗೆ ಎಷ್ಟು ಹೋಯಿತೋ ಅಷ್ಟೇ ಹೊರಗೆ ಬರಬೇಕು. ಅದನ್ನು ಹಿಡಿದುಕೊಂಡೇ ಲೆಕ್ಕ ಶುರು ಮಾಡಬೇಕು.

30 ಕ್ವಿಂಟಾಲ್‌ನಲ್ಲಿ ನೀರು 24%, ಅಂದ್ರೆ 7.2. ಒಣ ಪದಾರ್ಥ 22.8. ಒಣಗಿದ ಮೇಲೆ ಇದೇ 22.8 ಕ್ವಿಂಟಾಲ್, ಹೊಸ ತೂಕದ 86% ಆಗಿರುತ್ತೆ. 22.8ನ್ನು 0.86ರಿಂದ ಭಾಗಿಸಿದರೆ 26.51. ಹೋದ ನೀರು 3.49 ಕ್ವಿಂಟಾಲ್. ನಾನು ಹೇಳಿದ 27 ಸರಿ ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ 22.8 ಒಣ ಪದಾರ್ಥ ಹೋಗಿ 4.2 ನೀರು ಇರಬೇಕು, ಅಂದ್ರೆ ತೇವಾಂಶ 15.6%. ಆ ಜೋಳ ಇನ್ನೂ ಪೂರ್ತಿ ಒಣಗಿಲ್ಲ ಅಂತರ್ಥ!

ತಪ್ಪು ಎಲ್ಲಾಯ್ತು ಅಂದ್ರೆ, ಆ 24% ಇರೋದು 30 ಕ್ವಿಂಟಾಲ್ ಮೇಲೆ, 14% ಇರೋದು ಒಣಗಿದ ಮೇಲಿನ ತೂಕದ ಮೇಲೆ. ಎರಡು ಬೇರೆ ಬೇರೆ ಮೊತ್ತದ ಶೇಕಡಾಗಳನ್ನು ನಾನು ನೇರವಾಗಿ ಕಳೆದುಬಿಟ್ಟಿದ್ದೆ. ಜಿಎಸ್‌ಟಿ ಸೇರಿ 118 ರೂಪಾಯಿ ಆದ ಬಿಲ್ಲಿನಲ್ಲಿ 18% ಕಳೆದರೆ 100 ಸಿಗಲ್ಲ, 96.76 ಸಿಗುತ್ತೆ. ದಿನಾ ಮಾಡೋ ಕೆಲಸ ಇದು, ಜೋಳದ ವಿಷಯದಲ್ಲಿ ಹೊಳೆಯಲೇ ಇಲ್ಲ ನೋಡಿ.

ಅಂದ ಹಾಗೆ, 1789ರ ತನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಹುದುಗುವಿಕೆಗೆ ಹೀಗೇ ಒಳಬಂದದ್ದು, ಹೊರಹೋದದ್ದು ಅಂತ ಲೆಕ್ಕ ಬರೆದ ಫ್ರಾನ್ಸಿನ ಲಾವೋಸಿಯೆ, ತೆರಿಗೆ ವಸೂಲಿ ಕಂಪನಿಯೊಂದರ ಪಾಲುದಾರನೂ ಆಗಿದ್ದ. ನಮ್ಮ ಕಾಮರ್ಸ್‌ನವನೇ ಅಂತ ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ.

ಬದಲಿಗೆ, “ಜಗಳ ಆಡೋದಿದ್ರೆ ಮೀಟರ್ ಹತ್ರ ನಿಂತು ಆಡಬೇಕಿತ್ತು ಕಣೋ” ಅಂದಳು. ಒಳಗೆ ಹೋಗುವಾಗ 24ರ ಬದಲು 24.5 ಅಂತ ಬರೆದುಕೊಂಡರೆ, ಬರಬೇಕಾದ ತೂಕ ಕಾಗದದ ಮೇಲೆ 26 ಕ್ವಿಂಟಾಲ್ 34 ಕೆಜಿಗೆ ಇಳಿಯುತ್ತೆ. ಅರ್ಧ ಪಾಯಿಂಟ್‌ಗೆ 17 ಕೆಜಿ! ಸ್ಯಾಂಪಲ್ ಒಂದೇ ಚೀಲದ ಮೇಲ್ಭಾಗದಿಂದ ತೆಗೆದರೋ, ನಾಲ್ಕಾರು ಚೀಲದ ಒಳಗಿಂದ ತೆಗೆದರೋ ಅನ್ನೋದನ್ನ ಅಪ್ಪನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಮಾರನೇ ದಿನ ಡ್ರೈಯರ್‌ಗೆ ಹೋದೆ. ಲೆಕ್ಕ ಬರೆದ ಹಾಳೆ ತೋರಿಸಿ, “ತಪ್ಪಾಯ್ತು ಅಣ್ಣ” ಅಂದೆ. ಅವರು ಹಾಳೆ ನೋಡಲಿಲ್ಲ, ಟೀ ತರಿಸಿದರು. ಹಿಂದಿನ ದಿನ ನನ್ನ ಮಾತು ಕೇಳಿ ಚೀಟಿ ತೆಗೆದಿದ್ದ ಇಬ್ಬರು ಅಲ್ಲೇ ಕೂತಿದ್ದರು, ಅವರಿಗೂ ವಿವರಿಸಿದೆ. ಒಬ್ಬರಿಗೆ ನಂಬಿಕೆ ಬರಲಿಲ್ಲ.

26.51ಕ್ಕೂ 26.50ಕ್ಕೂ ಇನ್ನೂ ಒಂದು ಕೆಜಿ ವ್ಯತ್ಯಾಸ ಇದೆ. ಧೂಳು, ನುಚ್ಚು ಇರಬಹುದು ಅಂತ ಅಕ್ಕ ಹೇಳಿದ್ದಳು. ಆ ಟೀ ಕುಡಿದ ಮೇಲೆ ಅದನ್ನು ಕೇಳೋಕೆ ನನಗೆ ಬಾಯಿ ಬರಲಿಲ್ಲ.