ಹೊಲದ ಗೆರೆ, ಬಾನಿನ ಲೆಕ್ಕ



ಹೊಲದಲ್ಲಿ ಮೂಡಿದ ಆಕೃತಿಯನ್ನು ನೋಡಿ ಆಕಾಶದಲ್ಲಿ ಮುಂದೆ ನಡೆಯುವುದನ್ನು ಹೇಳಬಹುದೇ ಎಂಬುದು ಇಂದಿನ ವಿಷಯ. ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಗೋಧಿ ಹೊಲಗಳಲ್ಲಿ ಬೇಸಿಗೆಯ ಒಂದು ಬೆಳಗ್ಗೆ ಎದ್ದು ನೋಡಿದರೆ ಪೈರು ಸುರುಳಿ ಸುರುಳಿಯಾಗಿ ಮಲಗಿರುತ್ತದೆ. ನೆಲದ ಮೇಲೆ ನಿಂತವರಿಗೆ ಅಲ್ಲಿ ಏನಿದೆಯೆಂದು ತಿಳಿಯದು, ಮೇಲಿನಿಂದ ನೋಡಿದರೆ ಚಿತ್ರ ಕಾಣುತ್ತದೆ. ಇವೇ ಬೆಳೆವೃತ್ತಗಳು.

2008ರ ಜುಲೈನಲ್ಲಿ ಏವ್‌ಬರಿ ಎಂಬ ಊರಿನ ಬಳಿ ಇಂಥದೊಂದು ಚಿತ್ರ ಮೂಡಿತು. ನಡುವೆ ಸೂರ್ಯ, ಸುತ್ತ ಗ್ರಹಗಳ ಪಥಗಳು, ಒಂದೊಂದು ಪಥದ ಮೇಲೂ ಒಂದೊಂದು ಗ್ರಹ. ಗ್ರಹಗಳ ಸ್ಥಾನವನ್ನು ಲೆಕ್ಕ ಹಾಕಿದವರು ಇದು 2012ರ ಡಿಸೆಂಬರ್ 21ರ ಆಕಾಶ ಎಂದರು. ಮಾಯಾ ಪಂಚಾಂಗದ ಒಂದು ದೊಡ್ಡ ಆವರ್ತ ಮುಗಿಯುವುದೂ ಆ ದಿನವೇ ಎಂಬ ಮಾತು ಅದರ ಜೊತೆ ಸೇರಿತು, ಪ್ರಳಯದ ಭಯ ಲೋಕವೆಲ್ಲ ಹರಡಿತು. ಆ ದಿನ ಬಂತು, ಹೋಯಿತು. ಪ್ರತಿ ವರ್ಷದಂತೆ ಸೂರ್ಯ ಉತ್ತರಕ್ಕೆ ತಿರುಗಿದ, ಅಷ್ಟೇ.

ಈ ವೃತ್ತಗಳ ಗುಟ್ಟು ಅದಕ್ಕೂ ಮುಂಚೆಯೇ ಬಯಲಾಗಿತ್ತು. ಸೌತಾಂಪ್ಟನ್ನಿನ ಡಗ್ ಬವರ್ ಮತ್ತು ಡೇವ್ ಚೋರ್ಲಿ ಎಂಬ ಇಬ್ಬರು ಗೆಳೆಯರು, 1970ರ ದಶಕದಿಂದ ತಾವೇ ಇವನ್ನು ಮಾಡುತ್ತ ಬಂದವರು ಎಂದು 1991ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿ, ಮಾಡಿಯೂ ತೋರಿಸಿದರು. ಹಲಗೆಯ ಎರಡು ತುದಿಗೆ ಹಗ್ಗ ಕಟ್ಟಿ, ಹಗ್ಗವನ್ನು ಕೈಯಲ್ಲಿ ಹಿಡಿದು, ಹಲಗೆಯನ್ನು ಕಾಲಿನಿಂದ ಒತ್ತುತ್ತ ಮುಂದೆ ಸಾಗುವುದು. ಗೆರೆ ನೇರವಾಗಿರಲೆಂದು ಟೋಪಿಗೆ ತಂತಿಯ ಉಂಗುರ ಸಿಕ್ಕಿಸಿಕೊಂಡು, ಅದರ ಮೂಲಕ ದೂರದ ಒಂದು ಗುರುತನ್ನು ನೋಡುತ್ತ ನಡೆಯುವುದು. ಇಷ್ಟೇ ಉಪಕರಣ. ಅವರ ಕೈಚಳಕವನ್ನು ನಾನು ಮೆಚ್ಚುತ್ತೇನೆ.

ಏವ್‌ಬರಿಯ ಗ್ರಹಗಳು ಸರಿಯಾದ ಸ್ಥಾನದಲ್ಲಿದ್ದವು ಎಂದೇ ಒಪ್ಪೋಣ. ಅದರಲ್ಲಿ ಬೆರಗಿಗೆ ಎಡೆಯಿಲ್ಲ. ಗ್ರಹಗಳ ಸ್ಥಾನವನ್ನು ನೂರಾರು ವರ್ಷ ಮುಂದಕ್ಕೂ ಗಣಿಸಬಹುದು. ಹೊಲ ಆಕಾಶವನ್ನು ಮುಂಗಂಡು ಹೇಳಲಿಲ್ಲ. ಗಣಿತ ಮೊದಲೇ ಹೇಳಿದ್ದನ್ನು ಯಾರೋ ಹೊಲದಲ್ಲಿ ಬರೆದರು. ತಪ್ಪಾದದ್ದು ಅದಕ್ಕೆ ಹಚ್ಚಿದ ಅರ್ಥ.

ಈ ವಿಷಯವನ್ನು ನಮ್ಮ ಕೊಳ್ಳೇಗಾಲದ ಸೀಮೆಗೆ ತರಲು ಕಾರಣವಿದೆ. ಜನವರಿಯ ಹೊತ್ತಿಗೆ ಬರುವ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಜಾತ್ರೆ ಶುರುವಾಗುವುದು ಚಂದ್ರಮಂಡಲದಿಂದ. ಬಿದಿರಿನಲ್ಲಿ ಕಟ್ಟಿದ ಆಕೃತಿಗೆ ಬಟ್ಟೆ ಸುತ್ತಿ ರಾತ್ರಿ ಬೆಂಕಿ ಹಚ್ಚುತ್ತಾರೆ. ಜಾಗಟೆ ಮೊಳಗುತ್ತದೆ, ಉಘೇ ಉಘೇ ಎಂಬ ಕೂಗು ಏಳುತ್ತದೆ, ಒಕ್ಕಲು ಮಕ್ಕಳು ತಾವು ಬೆಳೆದ ದವಸವನ್ನೂ ನಾಣ್ಯವನ್ನೂ ಅದರತ್ತ ಎಸೆಯುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ವಾಲುತ್ತದೋ ಆ ದಿಕ್ಕಿನ ಊರುಗಳಿಗೆ ಆ ವರ್ಷ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬುದು ನಂಬಿಕೆ.

ಇದನ್ನು ಬೆಳೆವೃತ್ತದ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಮೂಢನಂಬಿಕೆ ಎಂದುಬಿಡುವುದು ಸುಲಭ. ನಾನು ಅದಕ್ಕೆ ಒಪ್ಪುವುದಿಲ್ಲ. ಬೆಳೆವೃತ್ತವನ್ನು ಓದುವವರು ನೆಲದ ಗೆರೆಯಿಂದ ಆಕಾಶವನ್ನು ಊಹಿಸುತ್ತಾರೆ. ಚಿಕ್ಕಲ್ಲೂರಿನಲ್ಲಿ ಆಕಾಶದ ಲೆಕ್ಕ ಮೊದಲೇ ಮುಗಿದಿದೆ. ಹುಣ್ಣಿಮೆ ಯಾವಾಗ ಎಂಬುದು ಕ್ಯಾಲೆಂಡರಿನಲ್ಲಿದೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಅನುಮಾನ ಇರುವುದು ಮಳೆಯ ಬಗ್ಗೆ. ಹನೂರಿನ ಕಡೆಯ ಮಳೆಯಾಶ್ರಿತ ಹೊಲದವರು ಬೆಂಕಿಯನ್ನು ಕೇಳುವುದು ಆ ಪ್ರಶ್ನೆಯನ್ನೇ. ಖಚಿತವಾದದ್ದು ಯಾವುದು, ಖಚಿತವಲ್ಲದ್ದು ಯಾವುದು ಎಂಬ ವಿವೇಕ ಆ ಜಾತ್ರೆಯ ಒಳಗೇ ಇದೆ.

ಹಾಗೆಂದು ಉರಿ ಮಳೆ ಹೇಳುತ್ತದೆ ಎಂದು ನಾನು ಹೇಳಲಾರೆ. ಉರಿಯನ್ನು ವಾಲಿಸುವುದು ಗಾಳಿ. ಚಳಿಗಾಲದಲ್ಲಿ ಇಲ್ಲಿ ಗಾಳಿ ಬಹುಮಟ್ಟಿಗೆ ಮೂಡಲು, ಈಶಾನ್ಯದ ಕಡೆಯಿಂದ ಬೀಸುತ್ತದೆ, ಗುಡ್ಡಗಳ ನಡುವೆ ಸುಳಿ ತಿರುಗುತ್ತದೆ. ಜನವರಿಯ ಒಂದು ರಾತ್ರಿಯ ಗಾಳಿಗೂ ಸೆಪ್ಟೆಂಬರ್, ಅಕ್ಟೋಬರಿನ ಮೋಡಕ್ಕೂ ನಂಟು ಇದೆಯೆನ್ನಲು ಕಾರಣ ಕಾಣದು.

ನಿಜವಾದ ಮುನ್ಸೂಚನೆ ಹೇಗಿರುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. 1871ರ ಡಿಸೆಂಬರ್ 12ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕಾಸರಗೋಡಿನ ಬೇಕಲದಿಂದ ನೀಲಗಿರಿಯ ಕಡೆಗೆ ಹಾದುಹೋಯಿತು. ನೆರಳು ಎಲ್ಲಿ, ಯಾವ ಗಳಿಗೆಯಲ್ಲಿ ಬೀಳುತ್ತದೆಂದು ಮೊದಲೇ ತಿಳಿದಿದ್ದರಿಂದಲೇ ಖಗೋಳವಿಜ್ಞಾನಿ ನಾರ್ಮನ್ ಲಾಕಿಯರ್ ಇಂಗ್ಲೆಂಡಿನಿಂದ ಹಡಗೇರಿ ಬಂದು ಬೇಕಲ ಕೋಟೆಯಲ್ಲಿ ದುರ್ಬೀನು ಹೂಡಿ ಕಾದರು. ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ನೀಲಗಿರಿಯ ಶೋಲೂರಿನಲ್ಲಿದ್ದರು. 148 ವರ್ಷದ ಮೇಲೆ, 2019ರ ಡಿಸೆಂಬರ್ 26ರ ಬೆಳಗ್ಗೆ, ಕಂಕಣ ಗ್ರಹಣ ಹೆಚ್ಚುಕಡಿಮೆ ಅದೇ ಹಾದಿ ಹಿಡಿಯಿತು: ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟ, ಊಟಿ, ಕೊಯಮತ್ತೂರು. ಕೊಳ್ಳೇಗಾಲ ಆ ಪಟ್ಟಿಯ ಹೊರಗೆ ಉಳಿಯಿತು. ನಮಗೆ ಬಳೆ ಕಾಣುವುದಿಲ್ಲ ಎಂಬುದೂ ಮುಂಚೆಯೇ ಗೊತ್ತಿತ್ತು. ಹದಿನೈದು ದಿನ ಕಳೆದು, 2020ರ ಜನವರಿ 10ರ ಬನದ ಹುಣ್ಣಿಮೆಯ ರಾತ್ರಿ, ಭೂಮಿಯ ಅರೆನೆರಳು ಚಂದ್ರನ ಮೇಲೆ ಬಿತ್ತು. ಬರಿಗಣ್ಣಿಗೆ ಸುಲಭವಾಗಿ ತಿಳಿಯದಷ್ಟು ತೆಳು, ಆದರೆ ಹೇಳಿದ ಹೊತ್ತಿಗೇ ಬಿತ್ತು.

ನಮ್ಮ ರೈತರ ಬಳಿ ಇರುವ ಇನ್ನೊಂದು ಲೆಕ್ಕ ಮಳೆ ನಕ್ಷತ್ರಗಳದು. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುತ್ತೇವೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ, ಬಿತ್ತನೆ, ಕುಂಟೆ, ಕಳೆ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಂಡಿದ್ದೇವೆ. ಇದು ಅನುಭವದ ದೊಡ್ಡ ಗಂಟು. ಆದರೆ ಭೂಮಿಯ ಅಕ್ಷ ತಿರುಗುವ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ, ಸುಮಾರು 72 ವರ್ಷಕ್ಕೆ ಒಂದು ದಿನದಂತೆ ನಕ್ಷತ್ರಗಳು ಋತುಗಳಿಂದ ಜಾರುತ್ತಿವೆ. ಸಾವಿರ ವರ್ಷಕ್ಕೆ ಒಂದು ನಕ್ಷತ್ರದಷ್ಟು ವ್ಯತ್ಯಾಸ. ಇದಕ್ಕೆ ಪುರಾವೆ ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ: ಉತ್ತರಾಯಣದ ಆರಂಭವೆಂದು ಆಚರಿಸುವ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ, ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಗಾದೆ ಕಟ್ಟಿದವರ ಕಾಲದ ಭರಣಿ ಮಳೆ ಇಂದಿನ ಭರಣಿಗಿಂತ ಕೆಲವು ದಿನ ಮುಂಚೆಯೇ ಬೀಳುತ್ತಿದ್ದಿರಬೇಕು. ಲೆಕ್ಕವನ್ನು ಗೌರವಿಸುವವರು ಈ ಜಾರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಧ್ಯಾಪಕ ಮಿತ್ರರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇದು. ನಿಮ್ಮ ಕಾಲೇಜಿನಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ. ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲದ ಉರಿ ಯಾವ ದಿಕ್ಕಿಗೆ ವಾಲಿತೆಂದು ಅಂದೇ, ದಿಕ್ಸೂಚಿ ಹಿಡಿದು, ಬರೆಯಿರಿ. ಆಮೇಲೆ ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ತಾಲ್ಲೂಕುಗಳ ಹೋಬಳಿವಾರು ಮಳೆಯನ್ನು ಅದರ ಪಕ್ಕದಲ್ಲಿ ಬರೆಯಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿವೆ. ಮೊದಲು ಬರೆದದ್ದನ್ನು ಆಮೇಲೆ ತಿದ್ದಬೇಡಿ. ಇಪ್ಪತ್ತು ವರ್ಷ ಹೀಗೆ ಬರೆದರೆ ಜಾತ್ರೆಗೂ ಅವಮಾನವಿಲ್ಲ, ವಿಜ್ಞಾನಕ್ಕೂ ಮೋಸವಿಲ್ಲ.

ಆ ಪುಸ್ತಕದ ಮೊದಲ ಪುಟದಲ್ಲಿ ಒಂದು ದಿನಾಂಕವನ್ನು ಈಗಲೇ ಗುರುತು ಮಾಡಿಕೊಳ್ಳಿ: 2031ರ ಮೇ 21. ಅಂದು ಕಂಕಣ ಗ್ರಹಣದ ಹಾದಿ ಕೇರಳ, ತಮಿಳುನಾಡಿನ ದಕ್ಷಿಣ ಭಾಗದಲ್ಲಿ ಹಾಯುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಪಾರ್ಶ್ವ ಗ್ರಹಣ. ಮಕ್ಕಳನ್ನು ಒಳಗೆ ಕೂರಿಸಬೇಡಿ, ಗ್ರಹಣ ಕನ್ನಡಕ ಕೊಟ್ಟು ಅಂಗಳಕ್ಕೆ ಕರೆತನ್ನಿ.