ಅಡುಗೆಮನೆಯಲ್ಲಿ ದೇವರ ಸನ್ನಿಧಿ



ಬೆಳಗಿನ ಈ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಏನು ನಡೆಯುತ್ತಿರಬಹುದೆಂದು ನಾನು ಊಹಿಸಬಲ್ಲೆ. ಒಲೆಯ ಮೇಲೆ ಹಾಲು ಕಾಯುತ್ತಿರಬಹುದು. ಯಾರೋ ಅಂಗಳ ಗುಡಿಸುತ್ತಿರಬಹುದು. ಶಾಲೆಗೆ ಹೊರಟ ಮಗುವಿಗೆ ಯಾರೋ ಜಡೆ ಹೆಣೆಯುತ್ತಿರಬಹುದು. ನಿನ್ನೆಯೂ ಇವೇ ಕೆಲಸಗಳು, ನಾಳೆಯೂ ಇವೇ. ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಡದೆ ಬಿಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತವೆ! ಇಂಥ ಕೆಲಸಗಳ ನಡುವೆ ದೇವರನ್ನು ಕಾಣಬಹುದೇ, ಮನಸ್ಸಿಗೆ ತೃಪ್ತಿ ದೊರೆಯಬಹುದೇ ಎಂಬುದು ಇಂದಿನ ನನ್ನ ಮಾತಿನ ವಿಷಯ. ನಾನು ಕ್ರೈಸ್ತ ವಿಶ್ವಾಸದಲ್ಲಿ ಬೆಳೆದವಳು. ಆ ವಿಶ್ವಾಸದ ಒಳಗಿನಿಂದಲೇ ಮಾತನಾಡುತ್ತೇನೆ. ಆದರೆ ಪಾತ್ರೆ ತೊಳೆಯುವುದಕ್ಕೆ ಜಾತಿಮತಗಳಿಲ್ಲವಷ್ಟೆ. ಹಾಗಾಗಿ ಈ ಮಾತು ನಿಮ್ಮೆಲ್ಲರ ಮನೆಗೂ ಸಲ್ಲಬಹುದೆಂದು ನಂಬಿದ್ದೇನೆ.

ಮೊದಲು ನನ್ನ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಾನು ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆ. ನಿವೃತ್ತಿಯಾದ ಮೇಲೆ ದೇವಾಲಯದ ಕೆಲಸಕ್ಕೆ ಪೂರ್ತಿ ಸಮಯ ಕೊಡಬೇಕು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡಬೇಕು, ಗಾಯನವೃಂದವನ್ನು ಸಜ್ಜುಗೊಳಿಸಬೇಕು ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದೆ. ನಿವೃತ್ತಿಯಾಗಿ ಮೂರು ತಿಂಗಳು ತುಂಬುವಷ್ಟರಲ್ಲಿ ನನ್ನ ತಾಯಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು; ಮಾತು ತೊದಲಿತು. ಅವರನ್ನು ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ರಾಗಿ ಗಂಜಿಯನ್ನು ಚಮಚ ಚಮಚವಾಗಿ ಕುಡಿಸುವುದು, ನಾಲ್ಕು ವರ್ಷ ಇದೇ ನನ್ನ ದಿನಚರಿ. ಒಂದು ಬಟ್ಟಲು ಗಂಜಿ ಮುಗಿಯಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ದೇವಾಲಯದ ಘಂಟೆ ಕೇಳಿಸುತ್ತಿತ್ತು. ಆಗತಾನೇ ಬದಲಿಸಿದ್ದ ಬಟ್ಟೆಯ ಮೇಲೆ ಅಮ್ಮ ಗಂಜಿಯನ್ನು ಉಗುಳಿಬಿಟ್ಟರು. ನಾನು ಬಟ್ಟಲನ್ನು ಕುಕ್ಕಿ, "ನಿನ್ನಿಂದಾಗಿ ನನಗೆ ಪೂಜೆಯೂ ಇಲ್ಲ, ಪ್ರಾರ್ಥನೆಯೂ ಇಲ್ಲ" ಎಂದೆ. ಅಮ್ಮ ಏನೂ ಹೇಳಲಿಲ್ಲ. ಎಡಗೈಯಲ್ಲಿ ಸೆರಗಿನ ತುದಿ ಹಿಡಿದು, ಚೆಲ್ಲಿದ್ದ ಗಂಜಿಯನ್ನು ತಾವೇ ಒರೆಸತೊಡಗಿದರು. ಆ ಕೈ ನಡುಗುತ್ತಿದ್ದುದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಮುಂದಿನ ವಾರ ನಮ್ಮ ಧರ್ಮಕೇಂದ್ರದ ವೃದ್ಧ ಗುರುಗಳು ಅಮ್ಮನಿಗೆ ಪರಮಪ್ರಸಾದ ಕೊಡಲು ಮನೆಗೆ ಬಂದಾಗ ನಡೆದದ್ದನ್ನೆಲ್ಲ ಹೇಳಿಕೊಂಡೆ. ಅವರು ಉಪದೇಶ ಮಾಡಲಿಲ್ಲ. ಎರಡು ದಿನ ಬಿಟ್ಟು ಒಂದು ತೆಳುವಾದ ಪುಸ್ತಕ ಕಳುಹಿಸಿದರು. "ಓದಿ ನೋಡಮ್ಮ. ಇವರು ಪಂಡಿತರಲ್ಲ, ಅಡುಗೆಯವರು" ಎಂದು ಚೀಟಿಯಲ್ಲಿ ಬರೆದಿದ್ದರು.

ಆ ಅಡುಗೆಯವರ ಹೆಸರು ನಿಕೊಲಾ ಎರ್ಮನ್. ಇಂದು ಫ್ರಾನ್ಸಿಗೆ ಸೇರಿರುವ ಲೊರೇನ್ ಪ್ರಾಂತ್ಯದಲ್ಲಿ, 1614ರ ಸುಮಾರಿಗೆ, ಬಡ ಕುಟುಂಬದಲ್ಲಿ ಹುಟ್ಟಿದವರು. ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಚಳಿಗಾಲದ ದಿನ ಎಲೆಯುದುರಿ ಬೋಳಾಗಿ ನಿಂತ ಮರವೊಂದನ್ನು ಅವರು ನೋಡಿದರು. ಇನ್ನು ಕೆಲವೇ ದಿನಗಳಲ್ಲಿ ಇದು ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ ಎಂಬ ಯೋಚನೆ ಬಂದೊಡನೆ ದೇವರ ಕರುಣೆ ಅವರ ಮನಸ್ಸಿಗೆ ನಾಟಿತು. ಆದರೆ ಬದುಕು ಅಷ್ಟು ಬೇಗ ಚಿಗುರಲಿಲ್ಲ. ಸೈನಿಕರಾದರು, ಯುದ್ಧದಲ್ಲಿ ಕಾಲಿಗೆ ಗಾಯವಾಗಿ ಕುಂಟಾದರು. ಶ್ರೀಮಂತರ ಮನೆಯಲ್ಲಿ ಆಳಾಗಿ ಸೇರಿದರು. ತಾನು ಮುಟ್ಟಿದ್ದನ್ನೆಲ್ಲ ಒಡೆದುಹಾಕುವ ಒಡ್ಡ ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಂಡಿದ್ದಾರೆ. 1640ರಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಸಭೆಯ ಮಠವನ್ನು ಸೇರಿದರು. ತನ್ನ ಒಡ್ಡತನಕ್ಕೆ ಅಲ್ಲಿಯಾದರೂ ತಕ್ಕ ಶಾಸ್ತಿಯಾಗುತ್ತದೆ ಎಂದುಕೊಂಡಿದ್ದರಂತೆ. ದೇವರು ತನ್ನ ಲೆಕ್ಕ ತಪ್ಪಿಸಿ ಅಲ್ಲಿ ಬರೀ ತೃಪ್ತಿಯನ್ನೇ ಕೊಟ್ಟನೆಂದು ಆಮೇಲೆ ನಗುತ್ತಾ ಹೇಳುತ್ತಿದ್ದರು.

ಮಠದಲ್ಲಿ ಅವರು ಗುರುಪಟ್ಟ ಪಡೆಯಲಿಲ್ಲ. ದೈಹಿಕ ಕೆಲಸ ಮಾಡುವ ಸಾಮಾನ್ಯ ಸೋದರರಾಗಿ ಉಳಿದರು. ಸೋದರ ಲಾರೆನ್ಸ್ ಎಂಬ ಹೆಸರು ಪಡೆದರು. ಅವರಿಗೆ ಒಪ್ಪಿಸಿದ್ದು ಅಡುಗೆಮನೆ. ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಅವರಿಗೆ ಅಡುಗೆ ಕೆಲಸವೆಂದರೆ ಹುಟ್ಟು ಸ್ವಭಾವದಿಂದಲೇ ಜಿಗುಪ್ಸೆ! ಆದರೂ ಸುಮಾರು ಹದಿನೈದು ವರ್ಷ ಆ ಮಠದವರಿಗೆಲ್ಲ ಬೇಯಿಸಿ ಹಾಕಿದರು. ನಡುವೆ ಮಠಕ್ಕೆ ದ್ರಾಕ್ಷಾರಸ ಕೊಂಡು ತರಲು ಬರ್ಗಂಡಿಗೆ ಕಳುಹಿಸಿದರೆ, ಕುಂಟುಕಾಲಿನಲ್ಲಿ ದೋಣಿಯೊಳಗೆ ನಡೆಯಲಾರದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಿದರಂತೆ. ಕಾಲಿನ ನೋವು ಹೆಚ್ಚಾದ ಮೇಲೆ, ಕುಳಿತು ಮಾಡಬಹುದೆಂದು, ಮಠದವರ ಪಾದರಕ್ಷೆಗಳನ್ನು ಹೊಲಿಯುವ ಕೆಲಸ ವಹಿಸಿದರು. 1691ರ ಫೆಬ್ರವರಿ 12ರಂದು ತೀರಿಕೊಂಡರು.

ಇಷ್ಟೇ ಅವರ ಜೀವನಚರಿತ್ರೆ. ಅವರು ಯಾವ ಮಠವನ್ನೂ ಸ್ಥಾಪಿಸಲಿಲ್ಲ, ಯಾವ ಗ್ರಂಥವನ್ನೂ ಪ್ರಕಟಿಸಲಿಲ್ಲ. ಜೋಸೆಫ್ ದ ಬೋಫೋರ್ ಎಂಬ ಗುರುಗಳು 1666ರಿಂದ ಅವರೊಡನೆ ನಡೆಸಿದ ಸಂಭಾಷಣೆಗಳನ್ನು ಬರೆದಿಟ್ಟುಕೊಂಡಿದ್ದರು. ಆ ಟಿಪ್ಪಣಿಗಳೂ ಲಾರೆನ್ಸರ ಕೆಲವು ಪತ್ರಗಳೂ ಅವರ ಮರಣಾನಂತರ 1692 ಮತ್ತು 1694ರಲ್ಲಿ ಅಚ್ಚಾದವು. ಕ್ಯಾಥೊಲಿಕರು ಮಾತ್ರವಲ್ಲ, ಪ್ರಾಟೆಸ್ಟೆಂಟರೂ ಆ ಚಿಕ್ಕ ಪುಸ್ತಕವನ್ನು ಮುನ್ನೂರು ವರ್ಷಗಳಿಂದ ಓದುತ್ತಾ ಬಂದಿದ್ದಾರೆ.

ಅಂಥದ್ದೇನಿದೆ ಅದರಲ್ಲಿ? ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂದು ಭಾಗ ಮಾಡಬೇಕಾಗಿಲ್ಲ ಎನ್ನುತ್ತಾರೆ ಅವರು. ಬಾಣಲೆಯಲ್ಲಿ ಬೇಯುತ್ತಿರುವುದನ್ನು ಮಗುಚಿ ಹಾಕುವುದನ್ನೂ ದೇವರ ಮೇಲಿನ ಪ್ರೀತಿಯಿಂದ ಮಾಡಬಹುದು. ನೆಲದ ಮೇಲೆ ಬಿದ್ದ ಹುಲ್ಲುಕಡ್ಡಿಯನ್ನು ಎತ್ತುವುದನ್ನೂ ಹಾಗೆಯೇ ಮಾಡಬಹುದು. ದೇವರು ಕೆಲಸದ ಗಾತ್ರವನ್ನು ಅಳೆಯುವುದಿಲ್ಲ. ಅದರೊಳಗಿನ ಪ್ರೀತಿಯನ್ನು ನೋಡುತ್ತಾನೆ. ಕಾಯಕದ ಮಾತನ್ನು ಕೇಳುತ್ತಲೇ ಬೆಳೆದ ಕನ್ನಡಿಗರಿಗೆ ಇದು ಅಪರಿಚಿತವೆನಿಸದು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಮಾತು. ಮಠ ಸೇರಿದ ಮೊದಲ ಹತ್ತು ವರ್ಷ ತಾನು ಬಹಳ ಕಷ್ಟಪಟ್ಟೆನೆಂದು ಲಾರೆನ್ಸ್ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಹತ್ತು ವರ್ಷ! ತೃಪ್ತಿ ಎಂಬುದು ಒಳ್ಳೆಯವರ ಮನಸ್ಸಿನಲ್ಲಿ ತಾನಾಗಿ ಉಕ್ಕುತ್ತದೆ, ನನ್ನಲ್ಲಿ ಉಕ್ಕಲಿಲ್ಲವಾದ್ದರಿಂದ ನಾನು ಕೆಟ್ಟವಳು ಎಂದು ನಾನು ಕೊರಗುತ್ತಿದ್ದೆ. ಕೆಲಸ ಇಷ್ಟವಾದರೆ ಮಾತ್ರ ಅದು ಸೇವೆ ಎಂದುಕೊಂಡಿದ್ದೆ. ಇಷ್ಟವಿಲ್ಲದ ಕೆಲಸವನ್ನೂ ದೇವರಿಗೆ ಕೊಡಬಹುದು. ಇಷ್ಟವಿಲ್ಲವೆಂಬುದನ್ನೂ ಅವನಿಗೇ ಹೇಳಬಹುದು. ಮನಸ್ಸು ಚದುರಿದಾಗ, ತಪ್ಪು ಮಾಡಿದಾಗ ಲಾರೆನ್ಸ್ ತಮ್ಮನ್ನು ಹಳಿದುಕೊಳ್ಳುತ್ತಾ ಕೂರುತ್ತಿರಲಿಲ್ಲ. ನನ್ನ ಪಾಡಿಗೆ ನನ್ನನ್ನು ಬಿಟ್ಟರೆ ನಾನು ಹೀಗೆಯೇ, ತಿದ್ದಬೇಕಾದವನು ನೀನು ಎಂದು ದೇವರಿಗೆ ಅರಿಕೆ ಮಾಡಿ ಮತ್ತೆ ಕೆಲಸಕ್ಕೆ ತೊಡಗುತ್ತಿದ್ದರು. ತೃಪ್ತಿ ಬಂದದ್ದು ಹೀಗೆ ಮತ್ತೆ ಮತ್ತೆ ಹಿಂತಿರುಗುವುದರಿಂದ.

ಶುಭಸಂದೇಶವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿದೆ. ಯೇಸುಸ್ವಾಮಿಯನ್ನು ಊರಿನವರು ಗುರುತಿಸಿದ್ದು ಬಡಗಿಯೆಂದು. ಮೂರು ವರ್ಷದ ಬೋಧನೆಗೆ ಮುಂಚೆ ನಜರೇತಿನಲ್ಲಿ ಎಷ್ಟೋ ವರ್ಷಗಳ ಮರಗೆಲಸವಿತ್ತು. ಪುನರುತ್ಥಾನರಾದ ಮೇಲೆ ಅವರು ಶಿಷ್ಯರಿಗಾಗಿ ಏನು ಮಾಡಿದರು? ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯ ನೋಡಿ. ರಾತ್ರಿಯಿಡೀ ಬಲೆ ಬೀಸಿ ದಣಿದು ಬಂದ ಶಿಷ್ಯರಿಗಾಗಿ ದಡದಲ್ಲಿ ಕೆಂಡ ಸಿದ್ಧವಾಗಿತ್ತು, ಅದರ ಮೇಲೆ ಮೀನಿತ್ತು, ಪಕ್ಕದಲ್ಲಿ ರೊಟ್ಟಿಯಿತ್ತು. ಮರಣವನ್ನು ಗೆದ್ದುಬಂದ ಪ್ರಭು ಬೆಳಗಿನ ತಿಂಡಿ ಸಿದ್ಧಪಡಿಸಿಕೊಂಡು ಕಾದಿದ್ದರು! ಇದನ್ನು ಓದಿದ ಮೇಲೆ ಗಂಜಿಯ ಬಟ್ಟಲು ದೇವರಿಂದ ದೂರವೆಂದು ಹೇಗೆ ಹೇಳಲಿ?

ಲಾರೆನ್ಸರ ಕಾರ್ಮೆಲ್ ಸಭೆಗೇ ಸೇರಿದ ಇನ್ನೊಬ್ಬರು ನಮ್ಮ ನಾಡಿನಲ್ಲಿಯೇ ಇದ್ದು ಹೋದವರು. ಅವರು ಮರಿಯಂ ಬವಾರ್ಡಿ. 1846ರಲ್ಲಿ ಗಲಿಲೇಯದ ಇಬಿಲ್ಲೀನ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಅಲೆಕ್ಸಾಂಡ್ರಿಯ, ಬೇರೂತ್, ಮಾರ್ಸೆಯ್ ನಗರಗಳಲ್ಲಿ ಮನೆಗೆಲಸ ಮಾಡಿಕೊಂಡು ಬೆಳೆದ ಹೆಣ್ಣುಮಗಳು. ಫ್ರಾನ್ಸಿನಲ್ಲಿ ಕಾರ್ಮೆಲ್ ಮಠ ಸೇರಿ, ಅಲ್ಲಿಂದ 1870ರಲ್ಲಿ ಹೊಸ ಮಠ ಆರಂಭಿಸಲು ಹೊರಟ ಸೋದರಿಯರೊಂದಿಗೆ ಮಂಗಳೂರಿಗೆ ಬಂದರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿಯೇ ವ್ರತಗಳನ್ನು ಸ್ವೀಕರಿಸಿದರು. ಓದು ಬರಹ ಹೆಚ್ಚು ತಿಳಿಯದ ಅವರು ಮಠದ ದುಡಿಮೆಯ ಸೋದರಿಯಾಗಿಯೇ ಇರಬಯಸಿದರು. 1872ರಲ್ಲಿ ಹಿಂತಿರುಗಿ, ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟುವ ಕೆಲಸಕ್ಕೆ ನಿಂತರು. 1878ರ ಆಗಸ್ಟಿನಲ್ಲಿ ಅಲ್ಲಿ ದುಡಿಯುತ್ತಿದ್ದ ಕೂಲಿಗಳಿಗೆ ಕುಡಿಯುವ ನೀರು ಹೊತ್ತು ತರುವಾಗ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು ಅದೇ ತಿಂಗಳ 26ರಂದು, 32ನೆಯ ವಯಸ್ಸಿನಲ್ಲಿ, ತೀರಿಕೊಂಡರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಬಿಸಿಲಿನಲ್ಲಿ ಬಾಯಾರಿದ ಕೂಲಿಗಳಿಗೆ ನೀರು ಕೊಡಲು ಹೊರಟದ್ದೇ ಅವರ ಕೊನೆಯ ಕೆಲಸವಾಯಿತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸಣ್ಣ ಕೆಲಸದಲ್ಲಿ ದೇವರಿದ್ದಾನೆ ಎಂಬ ಮಾತನ್ನು ಆ ಕೆಲಸ ಮಾಡುವವರು ತಮಗೆ ತಾವೇ ಹೇಳಿಕೊಂಡರೆ ಅದು ಭಕ್ತಿ. ಕುರ್ಚಿಯಲ್ಲಿ ಕುಳಿತವರು ಪಾತ್ರೆ ತಿಕ್ಕುವವರಿಗೆ ಅದನ್ನು ಹೇಳಿದರೆ ಅದು ಮೋಸ. ಕೊನೆಯ ಭೋಜನದ ರಾತ್ರಿ ಯೇಸುಸ್ವಾಮಿ ತಾವೇ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರು. ಆಮೇಲೆ, ನೀವೂ ಒಬ್ಬರು ಇನ್ನೊಬ್ಬರ ಕಾಲು ತೊಳೆಯಬೇಕು ಎಂದರು. ಒಬ್ಬಳೇ ಎಲ್ಲರ ಕಾಲು ತೊಳೆಯಲಿ ಎನ್ನಲಿಲ್ಲ. ನಾನೂ ಕೊನೆಗೆ ನನ್ನ ತಮ್ಮನಿಗೆ ಬಾಯಿಬಿಟ್ಟು ಹೇಳಿದೆ: "ಭಾನುವಾರದ ಗಂಜಿ ನಿನ್ನದು." ಮೊದಲ ದಿನ ಅವನು ಅರ್ಧ ಚೆಲ್ಲಿದ. ಅಮ್ಮ ಆ ದಿನ ಬಹಳ ದಿನಗಳ ಮೇಲೆ ನಕ್ಕರು. ನನಗೆ ಪೂಜೆಗೆ ಹೋಗಲು ಸಾಧ್ಯವಾಯಿತು. ಅವನಿಗೆ ಅಮ್ಮ ಸಿಕ್ಕಿದರು.

ಹಾಗಾದರೆ ಮಾಡುವುದು ಹೇಗೆ ಎಂದು ನೀವು ಕೇಳಬಹುದು. ನಾನು ಕಲಿತದ್ದು ಮೂರೇ ಮೂರು. ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಕ್ಷಣ ನಿಂತು, ಪ್ರಭುವೇ, ಇದು ನಿನಗಾಗಿ ಎನ್ನುವುದು. ನಡುವೆ ಸಿಡುಕು ಬಂದರೆ, ಬಂತೆಂದು ಒಪ್ಪಿಕೊಂಡು, ತನ್ನನ್ನು ಬೈದುಕೊಳ್ಳದೆ ಮತ್ತೆ ಅದೇ ಮಾತಿಗೆ ಬರುವುದು. ಕೆಲಸ ಮುಗಿದ ಮೇಲೆ, ಚೆನ್ನಾಗಿ ಆಗಿರಲಿ, ಕೆಟ್ಟಿರಲಿ, ಅದನ್ನು ದೇವರ ಕೈಗೆ ಬಿಟ್ಟು ಮುಂದಿನ ಕೆಲಸಕ್ಕೆ ಹೋಗುವುದು. ಇದಕ್ಕೆ ಬೇರೆ ಸಮಯ ಬೇಡ, ಬೇರೆ ಜಾಗ ಬೇಡ.

ನಾನು ಒಂದೇ ದಿನದಲ್ಲಿ ಬದಲಾದೆನೆಂದು ಹೇಳಲಾರೆ. ಆಮೇಲೂ ಎಷ್ಟೋ ಸಲ ಬಟ್ಟಲು ಕುಕ್ಕಿದ್ದೇನೆ. ಆದರೆ ಕುಕ್ಕಿದ ಮೇಲೆ ಮತ್ತೆ ಕೈಗೆತ್ತಿಕೊಳ್ಳುವುದನ್ನು ಕಲಿತೆ. ಅಮ್ಮನಲ್ಲಿ ಕ್ಷಮೆ ಕೇಳಿದ ದಿನ ಅವರು ಎಡಗೈಯಿಂದ ನನ್ನ ಕೆನ್ನೆ ಮುಟ್ಟಿ ಏನೋ ತೊದಲಿದರು. ಮಾತು ಅರ್ಥವಾಗಲಿಲ್ಲ, ಅರ್ಥವಾಗಬೇಕಾಗಿಯೂ ಇರಲಿಲ್ಲ. ಅವರು ಹೋಗಿ ಈಗ ಎಷ್ಟೋ ವರ್ಷಗಳಾದವು. ನಾನೀಗ ದೇವಾಲಯಕ್ಕೆ ಯಾವಾಗ ಬೇಕಾದರೂ ಹೋಗಬಲ್ಲೆ, ಗಾಯನವೃಂದದಲ್ಲಿ ಹಾಡಬಲ್ಲೆ. ಆದರೂ ನಾನು ಮನಸ್ಸಿಟ್ಟು ಪ್ರಾರ್ಥಿಸಿದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ, ಆ ಹಾಸಿಗೆಯ ಪಕ್ಕದ ಮಣೆಯನ್ನೇ ತೋರಿಸುತ್ತೇನೆ.

ಒಲೆಯ ಮೇಲಿನ ಹಾಲು ಉಕ್ಕುವ ಹೊತ್ತಾಯಿತೇನೋ. ಎದ್ದು ಹೋಗಿ, ನೋಡಿಕೊಳ್ಳಿ. ಅಲ್ಲಿಯೂ ನಿಮ್ಮ ಜೊತೆ ಅವನಿದ್ದಾನೆ.