ಬಂಡೆಯ ಮೇಲಿನ ಕರ್ಣಕುಂಡಲ



ಮರವಂತೆಯ ಹೆದ್ದಾರಿಯಲ್ಲಿ ನಿಂತವರಿಗೆ ಒಂದು ಬದಿಯಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಬದಿಯಲ್ಲಿ ಸೌಪರ್ಣಿಕಾ ನದಿ. ಹೆಚ್ಚಿನವರು ಕಡಲನ್ನು ನೋಡಿ ಮುಂದೆ ಸಾಗುತ್ತಾರೆ. ನೀವು ಒಮ್ಮೆ ನದಿಯ ಕಡೆಗೆ, ಮೂಡಣ ದಿಕ್ಕಿಗೆ ತಿರುಗಿ ನೋಡಿ. ಆಕಾಶ ತಿಳಿಯಾಗಿದ್ದರೆ ಘಟ್ಟದ ನೀಲಿ ಸಾಲು ಕಾಣುತ್ತದೆ. 1343 ಮೀಟರ್ ಎತ್ತರದ ಕೊಡಚಾದ್ರಿ ಇರುವುದು ಆ ಸಾಲಿನಲ್ಲೇ. ಸೌಪರ್ಣಿಕೆಯ ಹುಟ್ಟೂ ಅಲ್ಲಿಯೇ.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಘಟ್ಟದ ಬಂಡೆಗಳಲ್ಲಿ ನೀರು ಜಿನುಗತೊಡಗುತ್ತದೆ, ಪಾಚಿ ಹಸಿರಾಗುತ್ತದೆ. ಇಂಥ ಒದ್ದೆ ಬಂಡೆಗಳ ಮೇಲೆ ಗುಲಾಬಿ ಬಣ್ಣದ ಹೂ ಬಿಡುವ ಪುಟ್ಟ ಸಸ್ಯವೊಂದು ಪಶ್ಚಿಮ ಘಟ್ಟದಲ್ಲಿದೆ. ನಮ್ಮ ಅಂಗಳದ ಕರ್ಣಕುಂಡಲದ ಬಳಗಕ್ಕೆ ಸೇರಿದ ಇದರ ಶಾಸ್ತ್ರೀಯ ಹೆಸರು ಇಂಪೇಷಿಯನ್ಸ್ ಅಕಾಲಿಸ್. ಅಕಾಲಿಸ್ ಎಂದರೆ ಕಾಂಡವಿಲ್ಲದ್ದು. ಎಲೆಗಳು ಬುಡದಿಂದಲೇ ಹೊರಡುತ್ತವೆ. ನಡುವಿನಿಂದ ತೆಳ್ಳನೆಯ ದಂಟು ಎದ್ದು ಹೂಗಳನ್ನು ಹೊರುತ್ತದೆ. ಹೂವಿನ ಹಿಂದೆ ಬಾಲದಂಥ ಉದ್ದನೆಯ ಕೊಳವೆ; ಮಕರಂದ ಅದರೊಳಗೆ. ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಪಟಕ್ಕನೆ ಸಿಡಿದು ಬೀಜ ಚೆಲ್ಲುತ್ತದೆ. ಅದಕ್ಕೇ ಈ ಬಳಗಕ್ಕೆ ಇಂಪೇಷಿಯನ್ಸ್, ಅಂದರೆ ತಾಳ್ಮೆಯಿಲ್ಲದ್ದು, ಎಂಬ ಲ್ಯಾಟಿನ್ ಹೆಸರು.

ಆದರೆ ಈ ಗಿಡದ ತಾಳ್ಮೆ ಸಣ್ಣದಲ್ಲ. ಅಂಗಳದ ಕರ್ಣಕುಂಡಲದ ಬಾಳು ಒಂದು ಹಂಗಾಮಿನದು. ಬೀಜ ಕೊಟ್ಟು ಅದು ಸಾಯುತ್ತದೆ. ಇದು ಬಹುವಾರ್ಷಿಕ. ಮಳೆ ನಿಂತು ಬಂಡೆ ಒಣಗಿದಾಗ ಎಲೆ, ಹೂ ಎಲ್ಲ ಅಳಿಯುತ್ತವೆ. ಬಿರುಕಿನ ಒಂದು ಚಿಟಿಕೆ ಮಣ್ಣಿನಲ್ಲಿ ಪುಟ್ಟ ಗೆಡ್ಡೆ ಮಾತ್ರ ಉಳಿದು, ಮುಂದಿನ ಮಳೆಗೆ ಚಿಗುರುತ್ತದೆ.

ಅಪಾಯವಿರುವುದೂ ಇಲ್ಲಿಯೇ. ಬೇಸಿಗೆಯಲ್ಲಿ ನೋಡಿದವರಿಗೆ ಅದು ಬರೀ ಕಲ್ಲು. ರಸ್ತೆಗಾಗಿ ಬಂಡೆ ಒಡೆದರೂ, ಹೆಸರು ಕೆತ್ತಲೆಂದು ಪಾಚಿ ಕೆರೆದರೂ ಗೆಡ್ಡೆ ನಾಶವಾದದ್ದು ಯಾರಿಗೂ ತಿಳಿಯುವುದಿಲ್ಲ. ಹೂವಿನ ಆಸೆಗೆ ಎಳೆದರೆ ಬುಡವೇ ಕಿತ್ತು ಬರಬಹುದು. ಮನೆಗೆ ತಂದು ಕುಂಡದಲ್ಲಿ ನೆಡೋಣವೆಂದರೆ ಸದಾ ನೀರು ಜಿನುಗುವ ಬಂಡೆಯನ್ನು ಎಲ್ಲಿಂದ ತರುವುದು?

ಕೊಲ್ಲೂರಿನ ಸುತ್ತಲ ಕಾಡು 1974ರಲ್ಲಿ ಮೂಕಾಂಬಿಕಾ ವನ್ಯಜೀವಿಧಾಮವಾಯಿತು. ಕಾನೂನು ಕಾಡನ್ನು ಕಾಯಬಹುದು. ಕಾಲುದಾರಿಯ ಪಕ್ಕದ ಬಂಡೆಯನ್ನು ಕಾಯಬೇಕಾದವರು ಆ ದಾರಿಯಲ್ಲಿ ನಡೆಯುವ ನಾವು. ಈ ಹೂವನ್ನು ಪೊರೆಯುವ ಪಾಚಿ, ಮಣ್ಣುಗಳೇ ಮಳೆನೀರನ್ನು ತಡೆದು ಹಿಡಿದು ಹನಿಹನಿಯಾಗಿ ತೊರೆಗೆ ಬಿಡುತ್ತವೆ. ತೊರೆಗಳು ಕೂಡಿದರೆ ನದಿ.

ಈ ಮಳೆಗಾಲದಲ್ಲಿ ಘಟ್ಟ ಹತ್ತುವಿರಾದರೆ ಮಕ್ಕಳಿಗೆ ಈ ಹೂವನ್ನು ತೋರಿಸಿ. ಬಗ್ಗಿ ನೋಡಲಿ, ಬೇಕಾದರೆ ಚಿತ್ರ ತೆಗೆಯಲಿ. ಕೀಳುವುದು ಮಾತ್ರ ಬೇಡ.